ಮೀಟರ್‌ಗಾಗಿ ಸೋಲಾರ್ ಹಾಕಿಸುವವರೇ, ಸ್ವಲ್ಪ ನಿಲ್ಲಿ

ಬೆಂಗಳೂರಿನ ಅಂಚಿನಲ್ಲಿ ಮನೆ ಕಟ್ಟಿಸುತ್ತಿರುವವರು, ಅದರಲ್ಲೂ ಗೃಹಪ್ರವೇಶದ ದಿನ ಗೊತ್ತುಮಾಡಿಕೊಂಡು ವಿದ್ಯುತ್ ಮೀಟರ್‌ಗಾಗಿ ಓಡಾಡುತ್ತಿರುವವರು ಇದನ್ನು ಓದಬೇಕು. ನಾವು 14,500 ರೂಪಾಯಿ ಕೊಟ್ಟು ಒಂದು ರಸೀದಿ ಕೊಂಡೆವು. ಅದರ ಜೊತೆಗೆ ಒಂದು ಸೋಲಾರ್ ವಾಟರ್ ಹೀಟರ್ ಕೂಡ ಬಂತು, ಅಷ್ಟೆ.

2023ರ ಆರಂಭದ ಮಾತು. ಗೃಹಪ್ರವೇಶಕ್ಕೆ ಹತ್ತು ದಿನ ಬಾಕಿ ಇತ್ತು. ಕಟ್ಟಡದ ಕೆಲಸಕ್ಕೆಂದು ಪಡೆದಿದ್ದ ತಾತ್ಕಾಲಿಕ ಸಂಪರ್ಕದ ಬಿಲ್ ನೋಡಿದರೆ ಎದೆ ಧಸಕ್ಕೆನ್ನುತ್ತಿತ್ತು. ವೈರಿಂಗ್ ಗುತ್ತಿಗೆದಾರರು ಬಂದು, “ಮೇಡಂ, ಸೋಲಾರ್ ರಸೀದಿ ಇಲ್ಲದೆ ಫೈಲ್ ಮುಂದಕ್ಕೆ ಹೋಗುವುದಿಲ್ಲ. ನನಗೆ ಗೊತ್ತಿರುವ ಅಂಗಡಿ ಇದೆ, ಭಾನುವಾರವೇ ಕೂರಿಸಿಕೊಡುತ್ತಾರೆ” ಎಂದರು. ನಮ್ಮ ಯಜಮಾನರು ಯಾವ ಕಂಪನಿಯದು ಎಂದು ಕೇಳಿದ್ದಕ್ಕೆ, “ಯಾವುದಾದರೇನು ಸಾರ್, ಮೀಟರ್ ಬರಬೇಕು ತಾನೆ?” ಎಂಬ ಉತ್ತರ ಬಂತು. ನಾವು ಎಡವಿದ್ದು ಅಲ್ಲೇ.

ನಿಯಮ ಹೊಸದೇನಲ್ಲ. ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡುವ ಆದೇಶವನ್ನು ಕರ್ನಾಟಕ ಸರ್ಕಾರ 2007ರ ನವೆಂಬರ್‌ನಲ್ಲಿಯೇ ಹೊರಡಿಸಿತ್ತು. ನಮ್ಮಂತೆ 30×40 ಅಡಿಯ, ಅಂದರೆ 1,200 ಚದರ ಅಡಿಯ ನಿವೇಶನದಲ್ಲಿ ಹೊಸ ಮನೆ ಕಟ್ಟುವವರು ಅದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಹಾಕಿಸದಿದ್ದರೆ ಮೊದಲ ಮೂರು ತಿಂಗಳು ಬಿಲ್ಲಿನ ಮೇಲೆ 25% ಹೆಚ್ಚುವರಿ, ಮುಂದಿನ ಮೂರು ತಿಂಗಳು 50%, ಆಮೇಲೆ ಸಂಪರ್ಕ ಕಡಿತ ಎಂಬ ದಂಡವನ್ನೂ ತಂದರು. ಹಾಕಿಸಿದವರಿಗೆ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ. ಈಗ ಎರಡು ಮಸಾಲೆದೋಸೆಗೂ ಸಾಲದ ದುಡ್ಡು.

ನಿಯಮದ ಉದ್ದೇಶದ ಮೇಲೆ ನನ್ನ ತಕರಾರಿಲ್ಲ. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಗೀಸರ್‌ಗೆ ಸುಮಾರು 4 ಯೂನಿಟ್ ವಿದ್ಯುತ್ ಬೇಕು. ಊರಿಗೆ ಊರೇ ಬೆಳಗ್ಗೆ ಆರೂವರೆಗೆ ಗೀಸರ್ ಹಾಕಿದರೆ ಏನಾಗುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನನ್ನ ತಕರಾರು ಬೇರೆ. ಮಾಳಿಗೆಯ ಮೇಲೆ ಹೀಟರ್ ಇದೆಯೇ ಎಂದು ನೋಡುತ್ತಾರೆ. ಅದರ ಮೇಲೆ ಬಿಸಿಲು ಬೀಳುತ್ತದೆಯೇ, ಅದಕ್ಕೆ ಎಂಥ ನೀರು ತುಂಬುತ್ತೀರಿ, ಮನೆಯವರಿಗೆ ನೀರು ಕಾಯುತ್ತಿದೆಯೇ ಎಂದು ಕೇಳುವವರಿಲ್ಲ. ಈ ಸಂದಿಯಲ್ಲಿಯೇ ಅಗ್ಗದ ಸಾಮಾನಿನ ವ್ಯಾಪಾರ ನಡೆಯುತ್ತದೆ.

ಭಾನುವಾರ ಇಬ್ಬರು ಹುಡುಗರು ಬಂದು ಎರಡು ಗಂಟೆಯೊಳಗೆ ಕೆಲಸ ಮುಗಿಸಿದರು. ಗಾಜಿನ ಕೊಳವೆಗಳ ಮಾದರಿ, ನೂರು ಲೀಟರಿನದು. ಪೈಪು ಉಳಿಯುತ್ತದೆಂದು ದಕ್ಷಿಣದ ಗೋಡೆಗೆ ಒತ್ತಿ ಕೂರಿಸಿದರು. ಆಗ ಪಕ್ಕದ ನಿವೇಶನ ಖಾಲಿ ಇತ್ತು. ಮೊದಲ ಕೆಲವು ತಿಂಗಳು ನೀರು ಚೆನ್ನಾಗಿಯೇ ಕಾಯಿತು. ನಾನೂ ನಾಲ್ಕು ಜನರಿಗೆ ಹೊಗಳಿದೆ, ಸುಳ್ಳು ಹೇಳುವುದಿಲ್ಲ.

ಅಷ್ಟರಲ್ಲಿ ಪಕ್ಕದವರು ಕಟ್ಟಲು ಶುರುಮಾಡಿ ನಮ್ಮ ಮಾಳಿಗೆಗಿಂತ ಮೂರು ಅಂತಸ್ತು ಮೇಲಕ್ಕೆ ಹೋದರು. ಡಿಸೆಂಬರ್‌ನಲ್ಲಿ ಬೆಂಗಳೂರಿನ ನಡುಮಧ್ಯಾಹ್ನದ ಸೂರ್ಯನೂ ದಕ್ಷಿಣಕ್ಕೆ ವಾಲಿ ಸುಮಾರು 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ನಮ್ಮ ಮಾಳಿಗೆಯಿಂದ ಮೂವತ್ತು ಅಡಿ ಎತ್ತರದ ಗೋಡೆ ದಕ್ಷಿಣಕ್ಕಿದ್ದರೆ ಇಪ್ಪತ್ತು ಅಡಿಗೂ ಮೀರಿದ ನೆರಳು. ಬಿಸಿನೀರು ಬೇಕೇ ಬೇಕೆನ್ನುವ ಚಳಿಗಾಲದಲ್ಲಿಯೇ ಹೀಟರ್ ದಿನವಿಡೀ ನೆರಳಿನಲ್ಲಿ ಕೂತಿತು. ನಮ್ಮ ಅತ್ತೆ ಕೈ ಅದ್ದಿ ನೋಡಿ, “ಇದು ಬಾಣಂತಿ ಮನೆಗೂ ಆಗದು, ಬಾವಿಕಟ್ಟೆಗೂ ಆಗದು” ಎಂದು ಹಂಡೆಯನ್ನು ನೆನಪಿಸಿಕೊಂಡರು. ಗೀಸರ್ ಹಾಕಿಸಿದೆವು.

ಇನ್ನು ನೀರು. ನಮ್ಮದು ಬೋರ್‌ವೆಲ್ ನೀರು, ಪಾತ್ರೆಯಲ್ಲಿ ಕುದಿಸಿದರೆ ಬಿಳಿ ಪೊರೆ ಕಟ್ಟುವಷ್ಟು ಗಡಸು. ಗಾಜಿನ ಕೊಳವೆಯ ಹೀಟರ್‌ನಲ್ಲಿ ನೀರು ಕೊಳವೆಯೊಳಗೇ ಕಾಯುತ್ತದೆ. ಸುಣ್ಣ ತಳಕ್ಕಿಳಿದು ಅಲ್ಲೇ ಗಟ್ಟಿಯಾಗುತ್ತದೆ. ವರ್ಷ ತುಂಬುವ ಮೊದಲೇ ಕೊಳವೆಗಳ ತಳದಲ್ಲಿ ಗೇಣುದ್ದ ಬಿಳಿ ಗಸಿ ನಿಂತಿತ್ತು. ಮಾರುವಾಗ ಒಂದೇ ಒಂದು ಪ್ರಶ್ನೆ ಕೇಳಿದ್ದರೂ ಇದು ಗೊತ್ತಾಗುತ್ತಿತ್ತು.

ಇಷ್ಟಾದರೂ ಅದು ಒಡೆದಿರಲಿಲ್ಲ. ಒಡೆದದ್ದು 2024ರ ಮಾರ್ಚ್‌ನಲ್ಲಿ. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗಾಗಿ ಬೆಂಗಳೂರೇ ಸಾಲು ನಿಂತ ತಿಂಗಳು ಅದು. ಮಾರ್ಚ್ ಹೊತ್ತಿಗೆ ಸೂರ್ಯ ನೆತ್ತಿಯ ಹತ್ತಿರಕ್ಕೆ ಬಂದಿದ್ದರಿಂದ ಹೀಟರ್‌ಗೂ ಬಿಸಿಲು ಮರಳಿತ್ತು. ನಮ್ಮ ಮೇಲಿನ ಟ್ಯಾಂಕ್ ಎರಡು ದಿನ ಒಣಗಿತ್ತು. ಹೀಟರ್‌ಗೆ ಹೋಗುವ ಪೈಪಿನಲ್ಲಿ ಎಲ್ಲಿಯೋ ಸೋರಿಕೆ ಇದ್ದು ಹೀಟರ್‌ನ ಟ್ಯಾಂಕ್ ಬರಿದಾಗಿತ್ತು, ಕೊಳವೆಗಳ ನೀರೂ ಬಿಸಿಲಿಗೆ ಆವಿಯಾಗುತ್ತ ಅವುಗಳ ಮೇಲ್ಭಾಗ ಒಣಗಿತ್ತು, ಅದು ನಮಗೆ ತಿಳಿದಿರಲಿಲ್ಲ. ಖಾಲಿ ಕೊಳವೆ ಬಿಸಿಲಿನಲ್ಲಿ ಬಾಣಲೆಗಿಂತ ಹೆಚ್ಚು ಕಾಯುತ್ತದೆ, ಒಳಗೆ 200 ಡಿಗ್ರಿ ದಾಟಬಲ್ಲದು. ಟ್ಯಾಂಕರ್ ಬಂದದ್ದು ಮಧ್ಯಾಹ್ನ ಒಂದು ಗಂಟೆಗೆ. ಸಂತೋಷದಿಂದ ಮೋಟಾರ್ ಹಾಕಿದೆವು. ಮೇಲಿನಿಂದ ಟಪ್, ಟಪ್ ಎಂಬ ಸದ್ದು ಶುರುವಾಯಿತು, ದೀಪಾವಳಿಗೆ ಮುಂಚೆಯೇ ಯಾರೋ ಪಟಾಕಿ ಹಚ್ಚಿದಂತೆ. ಓಡಿ ಹೋಗಿ ನೋಡಿದರೆ ಹತ್ತರಲ್ಲಿ ಆರು ಕೊಳವೆ ಚೂರು. ದುಡ್ಡು ಕೊಟ್ಟು ತರಿಸಿದ ಟ್ಯಾಂಕರ್ ನೀರು ಗಾಜಿನ ಜೊತೆ ಮೋರಿಗೆ ಹರಿಯುತ್ತಿತ್ತು. ಮಗ ಒಣಗಿದ ಬಟ್ಟೆ ತರಲು ಅದೇ ಹೊತ್ತಿಗೆ ಮೇಲೆ ಹೋಗಿದ್ದಿದ್ದರೆ ಎಂದು ನೆನೆದರೆ ಇವತ್ತಿಗೂ ಕೈ ತಣ್ಣಗಾಗುತ್ತದೆ.

ಅಂಗಡಿಯವರು ಐದು ವರ್ಷದ ವಾರಂಟಿ ಕಾರ್ಡನ್ನು ತಿರುಗಿಸಿ ತೋರಿಸಿದರು. ಗಾಜು ಸೇರುವುದಿಲ್ಲ. ಗಡಸು ನೀರಿನಿಂದಾದ ಹಾನಿ ಸೇರುವುದಿಲ್ಲ. ಖಾಲಿ ಬಿಟ್ಟರೆ ಸೇರುವುದಿಲ್ಲ. ಉಳಿದದ್ದು ಕಬ್ಬಿಣದ ಸ್ಟ್ಯಾಂಡ್, ಅದಕ್ಕೆ ಆಗಲೇ ತುಕ್ಕು ಹಿಡಿದಿತ್ತು. ನಾಲ್ಕು ತಿಂಗಳು ಹೀಟರ್ ಹಲ್ಲುದುರಿದ ಬಾಯಿಯಂತೆ ನಿಂತಿತ್ತು. ಬಿಲ್ಲಿನಲ್ಲಿ ಸೋಲಾರ್ ರಿಯಾಯಿತಿ ಮಾತ್ರ ತಪ್ಪದೆ ಬರುತ್ತಿತ್ತು.

ನೀವು ಹಾಕಿಸುವುದಾದರೆ ಗೃಹಪ್ರವೇಶದ ಗಡಿಬಿಡಿಗೆ ಬಿಡಬೇಡಿ, ತಾರಸಿ ಹಾಕಿದ ತಿಂಗಳಲ್ಲೇ ನೋಡಿ. ದಕ್ಷಿಣದ ಖಾಲಿ ನಿವೇಶನ ಖಾಲಿಯಾಗಿಯೇ ಇರುತ್ತದೆಂದು ನಂಬಬೇಡಿ, ಹೀಟರ್ ಅನ್ನು ಆದಷ್ಟು ಉತ್ತರದ ಅಂಚಿಗೆ ಸರಿಸಿ. ಬೋರ್‌ವೆಲ್ ನೀರಾದರೆ ಗಾಜಿನ ಕೊಳವೆಯ ಅಗ್ಗದ ಮಾದರಿಗೆ ಮರುಳಾಗಬೇಡಿ. ತಾಮ್ರದ ಚಪ್ಪಟೆ ಫಲಕದ್ದು ದುಬಾರಿ, ಆದರೆ ಹೀಗೆ ಸಿಡಿಯುವುದಿಲ್ಲ. ಅದರಲ್ಲಿಯೂ ಸುಣ್ಣ ಕಟ್ಟದಂತೆ, ಫಲಕದ ನೀರು ಬೇರೆ, ಸ್ನಾನದ ನೀರು ಬೇರೆ ಇರುವ ಮಾದರಿ ಕೇಳಿ. ಫಲಕಕ್ಕೆ ಭಾರತೀಯ ಮಾನಕ ಐಎಸ್ 12933, ಗಾಜಿನ ಕೊಳವೆಗೆ ಐಎಸ್ 16543 ಗುರುತು ಇದೆಯೇ ಎಂದು ಸಾಮಾನಿನ ಮೇಲೆಯೇ ನೋಡಿ, ರಸೀದಿಯ ಮೇಲಲ್ಲ. ತಣ್ಣೀರಿನ ಟ್ಯಾಂಕಿನ ತಳ ಹೀಟರ್‌ನ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು, ಇದನ್ನು ಮೇಸ್ತ್ರಿಗೆ ಮೊದಲೇ ಹೇಳಿ. ಟ್ಯಾಂಕ್ ಒಣಗಿದ್ದರೆ, ಟ್ಯಾಂಕರ್ ಯಾವಾಗಲೇ ಬರಲಿ, ಹೀಟರ್‌ನ ವಾಲ್ವ್ ಮುಚ್ಚಿ ನೀರು ತುಂಬಿಸಿ. ಅದನ್ನು ತೆರೆಯುವುದು ರಾತ್ರಿಯಾದ ಮೇಲೆ.

ಹಿಂದಿನ ಬೀದಿಯಲ್ಲಿ ಹೋದ ವಾರ ಒಂದು ಹೊಸ ಮನೆಗೆ ಅದೇ ಮಾದರಿಯ ಹೀಟರ್ ಮೇಲೇರಿಸುತ್ತಿದ್ದರು. ಹೋಗಿ ಇಷ್ಟನ್ನೂ ಹೇಳಿದೆ. ಮನೆಯೊಡತಿ ತಾಳ್ಮೆಯಿಂದ ಕೇಳಿಸಿಕೊಂಡು, “ಮೀಟರ್ ಬಂದುಬಿಡಲಿ ಅಕ್ಕ, ಆಮೇಲೆ ಒಳ್ಳೆಯದು ಹಾಕಿಸುತ್ತೇವೆ” ಎಂದು ಕುಂಕುಮ ಕೊಟ್ಟು ಗೃಹಪ್ರವೇಶಕ್ಕೆ ಕರೆದರು. ಬರುವ ಶುಕ್ರವಾರವಂತೆ.