ತೇಗದ ಸ್ವಿಮ್ ಪ್ಲಾಟ್‌ಫಾರ್ಮಿಗೆ ಎಣ್ಣೆಯೋ, ಸೀಲರೋ, ವಾರ್ನಿಷೋ?

ಮೊದಲೇ ಹೇಳಿಬಿಡುತ್ತೇನೆ, ನಾನು ಸೀಲರ್ ಪಾರ್ಟಿ, ಅಂದರೆ ಮರದೊಳಗೆ ನೀರು ಇಳಿಯದಂತೆ ತಡೆಯುವ ಲೇಪದ ಕಡೆಯವನು. ಟೀಕ್ ಆಯಿಲ್ ಡಬ್ಬ ತಂದು ಒಂದಿಡೀ ಸೀಸನ್ ಒದ್ದಾಡಿದ ಮೇಲೆ ಬಂದ ಬುದ್ಧಿ ಇದು.

ಸ್ವಿಮ್ ಪ್ಲಾಟ್‌ಫಾರ್ಮ್ ಅಂದರೆ ಬೋಟಿನ ಹಿಂತುದಿಯಲ್ಲಿ, ನೀರಿಗಿಳಿದು ಹತ್ತಲು ಇರುವ ಪಟ್ಟಿಗಳ ಜಗಲಿ. ಬೋಟಿನಲ್ಲಿ ಮರಕ್ಕೆ ಇದಕ್ಕಿಂತ ಕಷ್ಟದ ಜಾಗ ಇರಲಿಕ್ಕಿಲ್ಲ. ಮೇಲಿಂದ ಬಿಸಿಲು, ಕೆಳಗಿಂದ ನೀರು, ಪಕ್ಕದಲ್ಲೇ ಎಂಜಿನ್ ಹೊಗೆ. ಸಾಲದ್ದಕ್ಕೆ ನೀರಿಗಿಳಿಯುವವರ ಮೈಗೆ ಹಚ್ಚಿದ ಸನ್‌ಸ್ಕ್ರೀನಿನ ಜಿಡ್ಡು.

ಎಣ್ಣೆ ಹಚ್ಚಿದ ದಿನ ಮಾತ್ರ ಕಣ್ಣು ತುಂಬುವಂತಿತ್ತು. ಜೇನಿನ ಬಣ್ಣ, ಒಂದೊಂದು ಎಳೆಯೂ ಎದ್ದು ಕಾಣುತ್ತಿತ್ತು. ಮೂರನೇ ವಾರ ಪಟ್ಟಿಗಳ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕಿಗಳು ಕಂಡವು. ಕೊಳೆ ಇರಬೇಕು ಅಂತ ಸೋಪು ನೀರು ಹಾಕಿ ತಿಕ್ಕಿದೆ. ಚುಕ್ಕಿ ಹೋಗಲಿಲ್ಲ, ಎಣ್ಣೆ ಹೋಯಿತು. ಮತ್ತೆ ಎಣ್ಣೆ ಹಚ್ಚಿದೆ. ಚುಕ್ಕಿಗಳು ಒಂದಕ್ಕೊಂದು ಸೇರಿ ಮಚ್ಚೆಯಾದವು. ಆಮೇಲೆ ಗೊತ್ತಾಯಿತು, ಟೀಕ್ ಆಯಿಲ್ ತೇಗದಿಂದ ತೆಗೆದ ಎಣ್ಣೆಯೇ ಅಲ್ಲ. ಹೆಚ್ಚಿನವು ಅಗಸೆ ಎಣ್ಣೆ ಅಥವಾ ಟಂಗ್ ಅನ್ನುವ ಮರದ ಬೀಜದ ಎಣ್ಣೆ, ಅದಕ್ಕೆ ತೆಳುವಾಗಲು ಒಂದಿಷ್ಟು ಥಿನ್ನರ್. ಅಗಸೆ ಎಣ್ಣೆ ಅಂದರೆ ಬೂಷ್ಟಿಗೆ ಹಬ್ಬದೂಟ. ಬಡಿಸಿದವನು ನಾನೇ!

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಬಿಸಿಲೇರಿದ ಮೇಲೆ ಎಣ್ಣೆ ಅಂಟಂಟಾಗಿ, ಒದ್ದೆ ಕಾಲಲ್ಲಿ ಹತ್ತಿದವರ ಹೆಜ್ಜೆಗಳೆಲ್ಲ ಬಿಳಿ ಡೆಕ್ಕಿನ ಮೇಲೆ ಕಂದು ಗುರುತಾಗಿ ಮೂಡತೊಡಗಿದವು. ಪ್ಲಾಟ್‌ಫಾರ್ಮನ್ನು ಹೊತ್ತ ಬ್ರಾಕೆಟ್ ಕೆಳಗೂ ಎಣ್ಣೆ ಇಳಿದ ಗೆರೆ.

ಆ ಕಪ್ಪು ಮಚ್ಚೆ ತೆಗೆಯಲು ಆಸಿಡ್ ಇರುವ ಎರಡು ಬಾಟಲಿಯ ಕ್ಲೀನರ್ ತಂದೆ. ಮಚ್ಚೆ ಹೋಯಿತು, ಜೊತೆಗೆ ಎಳೆಗಳ ನಡುವಿನ ಮೆತ್ತನೆ ಮರವೂ ಹೋಯಿತು. ಉಗುರು ಎಳೆದರೆ ಬಾಚಣಿಗೆ ಮೇಲೆ ಎಳೆದ ಹಾಗೆ ಟರಟರ ಅನ್ನುತ್ತಿತ್ತು. ಸಮ ಮಾಡಲು 80 ನಂಬರಿನ ಒರಟು ಸ್ಯಾಂಡ್‌ಪೇಪರ್ ಹಿಡಿಯಬೇಕಾಯಿತು. ಪ್ರತಿ ಸಲ ಹೀಗೆ ಮಾಡಿದರೆ ಪಟ್ಟಿ ತೆಳುವಾಗುತ್ತಾ ಹೋಗುತ್ತದೆ ಅಲ್ವಾ? ಈಗ ಮೆತ್ತನೆ ಬ್ರಷ್, ಸೌಮ್ಯ ಸೋಪು, ಎಳೆಗೆ ಅಡ್ಡಡ್ಡವಾಗಿ ತಿಕ್ಕುವುದು, ಅಷ್ಟೇ. ಸ್ಟೀಲ್ ನಾರು ಮುಟ್ಟಲೇಬೇಡಿ. ಮುರಿದ ಚೂರುಗಳು ಮರದಲ್ಲೇ ಕೂತು ತುಕ್ಕು ಹಿಡಿಯುತ್ತವೆ.

ವಾರ್ನಿಷ್ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ಕಾಲಿಡುವ ಜಾಗಕ್ಕೆ ಬೇಡ. ಒಂದು ತುದಿಯಲ್ಲಿ ಬಳಿದು ನೋಡಿದ್ದೆ, ನೀರು ಬಿದ್ದಾಗ ಜಾರಿತು, ಆಮೇಲೆ ಸಿಪ್ಪೆಯಾಗಿ ಎದ್ದಿತು.

ಏನೂ ಹಚ್ಚದೆ ಬಿಡುವುದು ಕೂಡ ತಪ್ಪಲ್ಲ. ಬೂದು ಬಣ್ಣ ಬಂದರೆ ಮರ ಕೊಳೆತಿದೆ ಅಂತ ಅರ್ಥವಲ್ಲ, ಬಿಸಿಲಿಗೆ ಮೇಲ್ಪದರ ಮಾತ್ರ ಬಣ್ಣ ಕಳೆದುಕೊಂಡಿರುತ್ತದೆ. ತೇಗಕ್ಕೆ ತನ್ನದೇ ಎಣ್ಣೆ ಇದೆ. ಒದ್ದೆಯಾದಾಗ ಕಾಲಿಗೆ ಹಿಡಿತ ಕೊಡುವುದರಲ್ಲಿ ಬರೀ ಮರವೇ ಎಲ್ಲಕ್ಕಿಂತ ಮೇಲು. ಖರ್ಚೂ ಇಲ್ಲ. ನನಗೆ ಆ ಬಣ್ಣ ಹಿಡಿಸುವುದಿಲ್ಲ, ಕಾರಣ ಅಷ್ಟೇ.

ಸೀಲರಿನಲ್ಲೂ ಮೊದಲ ಸಲ ಎಡವಿದೆ. ಕಾಣುವ ಮೇಲ್ಭಾಗಕ್ಕಷ್ಟೇ ಹಚ್ಚಿದ್ದೆ. ನೀರು ಅಡಿಯಿಂದ, ಪಟ್ಟಿಗಳ ಕೊಯ್ದ ತುದಿಗಳಿಂದ ಒಳಗೆ ಹೋಗಿ, ತುದಿಗಳೆಲ್ಲ ಕಪ್ಪಾದವು. ಈಗ ಬೋಲ್ಟ್ ಬಿಚ್ಚಿ ಇಡೀ ಪ್ಲಾಟ್‌ಫಾರ್ಮನ್ನೇ ಕಳಚಿ ಸ್ಟೂಲುಗಳ ಮೇಲಿಡುತ್ತೇನೆ. ಚೆನ್ನಾಗಿ ಒಣಗಿದ ಮೇಲೆ, ಬಟ್ಟೆಗೆ ಹಳದಿ ಹತ್ತುವುದು ನಿಲ್ಲುವ ತನಕ ಜಿಡ್ಡು ಕರಗಿಸುವ ಅಸಿಟೋನಿನಲ್ಲಿ ಒರೆಸಬೇಕು. ಮರದ ಎಣ್ಣೆ ಮೇಲೆ ಉಳಿದಿದ್ದರೆ ಸೀಲರ್ ಕೂರುವುದಿಲ್ಲ. ಆಮೇಲೆ ತೆಳ್ಳಗೆ ಎರಡು ಕೋಟು, ತುದಿಗಳಿಗೆ ಇನ್ನೊಂದು ಜಾಸ್ತಿ.

ಬಣ್ಣ ಎಣ್ಣೆಯಷ್ಟು ಚೆಂದವಿಲ್ಲ, ಸ್ವಲ್ಪ ಪೇಂಟು ಬಳಿದ ಹಾಗೆ ಕಾಣುತ್ತದೆ. ಡಬ್ಬವೂ ದುಬಾರಿ. ಆದರೆ ನಾನು ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಬ್ರಷ್ ಹಿಡಿಯುವ ಆಸಾಮಿಯಲ್ಲ. ಎಣ್ಣೆ ತಿಂಗಳಿಗೊಮ್ಮೆ ಕೈ ಬೇಡುತ್ತಿತ್ತು, ಇದು ಅರ್ಧ ವರ್ಷ ಸುಮ್ಮನಿರುತ್ತದೆ. ಪ್ರತಿ ವಾರ ಮರದ ಜೊತೆ ಕೂರುವುದೇ ಖುಷಿ ಅನ್ನುವವರು ಎಣ್ಣೆಯನ್ನೇ ಹಚ್ಚಲಿ.

ಉಳಿದ ಅರ್ಧ ಡಬ್ಬ ಎಣ್ಣೆ ಸುತ್ತಿಗೆ, ಉಳಿಗಳ ಹಿಡಿಗೆ ಹೋಗುತ್ತಿದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ, ಹರಡಿ ಒಣಗಿಸಿ. ಆ ಎಣ್ಣೆ ಬಟ್ಟೆ ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು.