ಅರಸಾಳೋ, ಆಗುಂಬೆಯೋ? ಅಮ್ಮನ ಜೊತೆ ಮಾಲ್ಗುಡಿ ಹುಡುಕಿದ್ದು

ನಮ್ಮ ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೆ. ಆದರೂ ದೂರದರ್ಶನದಲ್ಲಿ ಮಾಲ್ಗುಡಿ ಅನ್ನೋ ಕಾಲ್ಪನಿಕ ಊರಿನ ಕತೆಗಳ ಹಿಂದಿ ಧಾರಾವಾಹಿ 'ಮಾಲ್ಗುಡಿ ಡೇಸ್' ಶುರುವಾಯ್ತು ಅಂದರೆ ಒಲೆ ಮೇಲಿನ ಸಾರು ಅರ್ಧ ಗಂಟೆ ಕಾಯಬೇಕಿತ್ತು. ಮಾತು ತಿಳಿಯದಿದ್ದರೇನು, ಊರು ತಿಳಿಯುತ್ತಿತ್ತು. ಹೆಂಚಿನ ಮನೆ, ಜಗಲಿ, ಕೊಡೆ ಹಿಡಿದು ಹೋಗುವ ಜನ, ಎಲ್ಲ ನಮ್ಮ ಮಲೆನಾಡೇ ಅಲ್ವಾ? ಹೋದ ಜುಲೈನಲ್ಲಿ ಆ ಊರನ್ನು ನೋಡೇಬಿಡೋಣ ಅಂತ ಇಬ್ಬರೂ ಶಿವಮೊಗ್ಗಕ್ಕೆ ಹೊರಟೆವು.

ಆ ಧಾರಾವಾಹಿಯ ನಿರ್ದೇಶಕ ಶಂಕರ್‌ನಾಗ್ ಅಭಿಮಾನಿಗೆ ಆ ಕಡೆ ಎರಡು ಜಾಗ ಇವೆ. ಒಂದು ಅರಸಾಳು ರೈಲ್ವೆ ಸ್ಟೇಷನ್‌ನ ಮಾಲ್ಗುಡಿ ಮ್ಯೂಸಿಯಂ. ಇನ್ನೊಂದು ಶೂಟಿಂಗ್ ನಡೆದ ಹಳೇ ಮನೆ, ಆಗುಂಬೆಯ ದೊಡ್ಡಮನೆ. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಅವರ ಮನೆಯೂ ಮ್ಯೂಸಿಯಂ ಆಗಿದೆ. ಆದರೆ ಅದು ಕತೆ ಬರೆದವರ ಮನೆ. ನಮಗೆ ಬೇಕಿದ್ದದ್ದು ಧಾರಾವಾಹಿ.

ಮೊದಲು ಅರಸಾಳು. ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿರುವ ಸಣ್ಣ ಸ್ಟೇಷನ್. ಸೀರಿಯಲ್‌ನಲ್ಲಿ ಮಾಲ್ಗುಡಿ ಸ್ಟೇಷನ್ ಆಗಿ ಕಾಣಿಸಿದ್ದು ಇದೇ. ಹಳೆಯ ಹೆಂಚಿನ ಕಟ್ಟಡವನ್ನು ರಿಪೇರಿ ಮಾಡಿ 2020ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಒಳಗೆ ಧಾರಾವಾಹಿಯ ಫೋಟೋಗಳು, ಪಾತ್ರಗಳ ಕಲಾಕೃತಿಗಳು. ಸ್ವಾಮಿ ಅನ್ನೋ ಹುಡುಗನ ಪಾತ್ರ ಮಾಡಿದ್ದ ಮಾಸ್ಟರ್ ಮಂಜುನಾಥ್ ಮುಖ ಕಂಡದ್ದೇ ಅಮ್ಮ, "ಅಯ್ಯೋ, ನಮ್ಮ ಸ್ವಾಮಿ!" ಅಂತ ಪಕ್ಕದ ಮನೆ ಹುಡುಗನನ್ನು ಕಂಡ ಹಾಗೆ ಕೂಗಿದರು. ನಿಜ ಹೇಳಬೇಕಂದ್ರೆ, ಒಳಗೆ ನೋಡೋಕೆ ಬಹಳ ಇಲ್ಲ. ಅವಸರ ಮಾಡದೇ ನೋಡಿದರೂ ಮುಕ್ಕಾಲು ಗಂಟೆ ಸಾಕು.

ಹೊರಗೆ ಹಳೆಯ ರೈಲು ಬೋಗಿಯೊಂದನ್ನು ಟೀ ಅಂಗಡಿ ಮಾಡಿದ್ದಾರೆ, ಹೆಸರು 'ಮಾಲ್ಗುಡಿ ಚಾಯ್'. ನಾವು ಕೆಟ್ಟದ್ದು ಇಲ್ಲೇ. ಅಮ್ಮ ಎರಡನೇ ಟೀ ಕೇಳಿದರು, ನಾನೂ ಬೇಡ ಅನ್ನಲಿಲ್ಲ. ಕೈಯಲ್ಲಿ ಲೋಟ ಇರುವಾಗಲೇ ಶಿವಮೊಗ್ಗದ ರೈಲು ಕಣ್ಣೆದುರಿಗೇ ಹೊರಟುಹೋಯ್ತು! ಇಲ್ಲಿ ನಿಲ್ಲುವ ರೈಲುಗಳೇ ಬೆರಳೆಣಿಕೆಯಷ್ಟು. ಇನ್ನೊಂದಕ್ಕೆ ಕಾಯುವ ಬದಲು ರಿಪ್ಪನ್‌ಪೇಟೆಗೆ ಆಟೋ ಹಿಡಿದೆವು. ಆಟೋ ಹಿಂದೆ ಶಂಕ್ರಣ್ಣನ ಸ್ಟಿಕರ್ ಇತ್ತು, ಅಮ್ಮನ ಸಿಟ್ಟು ಅಲ್ಲಿಗೆ ಇಳಿಯಿತು. ಅಲ್ಲಿಂದ ಬಸ್ಸಲ್ಲಿ ತೀರ್ಥಹಳ್ಳಿ, ಮತ್ತೊಂದು ಬಸ್ಸಲ್ಲಿ ಆಗುಂಬೆ.

ಆಗುಂಬೆಯಲ್ಲಿ ಇಳಿದಾಗ ಎದುರಿನ ಅಂಗಡಿಯೂ ಕಾಣದಂಥ ಮಳೆ. ಸೀರಿಯಲ್‌ಗೆ ಈ ಪೇಟೆಯಲ್ಲೇ ಕತೆಯಲ್ಲಿ ಬರುವ ಬ್ರಿಟಿಷ್ ಲಾಲಿ ಸಾಹೇಬನ ಪ್ರತಿಮೆ ನಿಲ್ಲಿಸಿದ್ದರು. ಅದು ಶೂಟಿಂಗಿಗೆ ಅಂತಲೇ ಮಾಡಿದ್ದು. ಗೊತ್ತಿದ್ದೂ ಕಣ್ಣು ಅದನ್ನೇ ಹುಡುಕಿತು. ದೊಡ್ಡಮನೆ ಮಾತ್ರ ಟಿವಿಯಲ್ಲಿ ಕಂಡ ಹಾಗೇ ಇದೆ. ಒಳಗೆ ಕಾಲಿಟ್ಟರೆ ನಡುವೆ ಅಂಗಳ, ಸುತ್ತ ಮರದ ಕಂಬ, ಹೆಂಚಿನ ಅಂಚಿಂದ ದಾರ ಕಟ್ಟಿದ ಹಾಗೆ ಬೀಳುವ ನೀರು. ಕಂಬಗಳು ಕೈ ತಾಗಿ ತಾಗಿ ಎಣ್ಣೆ ಹಚ್ಚಿದಷ್ಟು ನುಣುಪಾಗಿವೆ. ಯಾವುದಕ್ಕೂ ಗಾಜಿನ ಪೆಟ್ಟಿಗೆ ಇಲ್ಲ. ಮನೆಯವರು ಬಿಸಿ ಕಷಾಯ ಕೊಟ್ಟು, "ಒದ್ದೆ ಆಗಿದ್ದೀರಿ, ಮೊದಲು ಕೂತ್ಕೊಳಿ" ಅಂದರು. ನಾನು ಕೂತವನೇ ಕಾಲಿಂದ ಎರಡು ಇಂಬಳ (ಜಿಗಣೆ) ಕಿತ್ತೆ.

ನನಗೆ ಆಗುಂಬೆಯೇ ಮೇಲು ಅನ್ನಿಸಿದ್ದಕ್ಕೆ ಕಾರಣ ಇದೆ. ಅಂದು ಸೀರಿಯಲ್‌ಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅರಸಾಳಿನ ಸ್ಟೇಷನ್ನಿಗೂ ಈ ರೂಪ ಕೊಟ್ಟವರು. ಅಂದರೆ ಅದು ಅದೇ ಕೈ ಮತ್ತೊಮ್ಮೆ ಕಟ್ಟಿದ ಸೆಟ್. ಚೆಂದವಾಗಿದೆ, ಆದರೆ ನಮ್ಮಂಥವರು ಬರ್ತಾರೆ ಅಂತಲೇ ಮಾಡಿದ್ದು. ದೊಡ್ಡಮನೆ ಯಾರಿಗೋಸ್ಕರವೂ ಕಟ್ಟಿದ ಸೆಟ್ ಅಲ್ಲ. ಕ್ಯಾಮೆರಾ ಬರುವ ಮೊದಲೂ ಮನೆ, ಹೋದ ಮೇಲೂ ಮನೆ.

ತೊಂದರೆ ಇರೋದೂ ಅಲ್ಲೇ. ಜನ ಇರುವ ಮನೆಯಲ್ಲಿ ಕೋಣೆ ಕೋಣೆ ಸುತ್ತೋಕೆ ಆಗಲ್ಲ. ಫೋಟೋ ತೆಗೆಯಲಾ ಅಂತ ಪ್ರತಿ ಸಲ ಕೇಳೋಕೆ ನನಗೆ ಸಂಕೋಚ. ಅರಸಾಳಲ್ಲಿ ಆ ಕಾಟ ಇಲ್ಲ, ಬೇಕಾದಷ್ಟು ಸೆಲ್ಫಿ ಹೊಡ್ಕೊಳ್ಳಿ. ಮಕ್ಕಳಿದ್ದರೆ ಅಲ್ಲಿಗೇ ಹೋಗಿ. ರೈಲು, ಬೋಗಿ, ಬೊಂಬೆ ಎಲ್ಲ ಒಂದೇ ಕಡೆ ಸಿಗುತ್ತೆ. ಸೀರಿಯಲ್ ನೋಡದವರಿಗೆ ದೊಡ್ಡಮನೆ ಸುಮ್ನೆ ಒಂದು ಹಳೇ ಮನೆ ಅಷ್ಟೇ. ಆಗುಂಬೆಗೆ ಹೋಗೋದಾದರೆ ನಮ್ಮ ಹಾಗೆ ಜುಲೈ ಬೇಡ, ಮಳೆ ಕಡಿಮೆಯಾದ ಮೇಲೆ ಹೋಗಿ. ಘಾಟಿಯ ಸೂರ್ಯಾಸ್ತವೂ ಸಿಕ್ಕೀತು. ನಮಗೆ ಅಲ್ಲಿ ಕಂಡದ್ದು ಬರೀ ಬಿಳಿ ಮಂಜು.

ಅಮ್ಮನ ಮಾರ್ಕು ಮಾತ್ರ ಅರಸಾಳಿಗೆ. ಯಾಕಮ್ಮ ಅಂದ್ರೆ, "ಇಂಥ ಮನೇಲೇ ಹುಟ್ಟಿ ಬೆಳೆದವಳು ನಾನು, ಗುಡಿಸಿ ಸಾರಿಸಿ ಸಾಕಾಗಿದೆ. ರೈಲಲ್ಲಿ ಕೂತು ಟೀ ಕುಡಿದದ್ದು ಇದೇ ಮೊದಲು" ಅಂದರು. ಆ ರೈಲು ಎಲ್ಲೂ ಹೋಗಲಿಲ್ಲ, ಹೋಗಬೇಕಿದ್ದ ರೈಲು ನಮ್ಮನ್ನು ಬಿಟ್ಟುಹೋಯ್ತು ಅಂತ ನಾನು ನೆನಪು ಮಾಡಿದೆ. ಅವರು ಕೇಳಿಸಲಿಲ್ಲವೇನೋ ಅನ್ನುವ ಹಾಗೆ ಕೊಡೆ ಕೊಡವತೊಡಗಿದರು.