ಮನೆಯಲ್ಲೇ ಫೋಟೊ ಮುದ್ರಣ: ಮೂರು ಪ್ರಿಂಟರ್‌ಗಳು, ಮೂರು ಬಗೆಯ ಖರ್ಚು

ಅಮ್ಮನ ಮದುವೆಯ ಆಲ್ಬಮ್ಮನ್ನು ಸ್ಕ್ಯಾನ್ ಮಾಡಿ ಚಿಕ್ಕಮ್ಮಂದಿರಿಗೆಲ್ಲ ಒಂದೊಂದು ಪ್ರತಿ ಕೊಡಬೇಕೆಂದು ಹೊರಟವನು ನಾನು. ಆ ಕೆಲಸ ಮುಗಿಯುವಷ್ಟರಲ್ಲಿ ಮೂರು ಬಗೆಯ ಪ್ರಿಂಟರ್‌ಗಳನ್ನು ಬಳಸಿ ನೋಡಿದ್ದೆ.

ಮೊದಲನೆಯದು ಇಂಕ್ ತುಂಬಿದ ಡಬ್ಬಿ, ಅಂದರೆ ಕಾರ್ಟ್ರಿಡ್ಜ್ ಹಾಕುವ ಇಂಕ್‌ಜೆಟ್. ಯಂತ್ರದ ಬೆಲೆ ಕಡಿಮೆ, ಆದರೆ ಮೂರು ಬಣ್ಣಗಳೂ ಒಂದೇ ಕಾರ್ಟ್ರಿಡ್ಜಿನಲ್ಲಿದ್ದವು. ಧಾರೆ ಸೀರೆಗಳ ಕೆಂಪನ್ನೇ ಮುದ್ರಿಸುತ್ತ ಹೋದಂತೆ ಮೆಜೆಂಟಾ ಎಂಬ ನೇರಳೆಗೆಂಪು ಮೊದಲು ಮುಗಿಯಿತು. ನೀಲಿ, ಹಳದಿ ಉಳಿದಿದ್ದರೂ ಇಡೀ ಕಾರ್ಟ್ರಿಡ್ಜನ್ನೇ ಬದಲಿಸಬೇಕಾಯಿತು. ಫೋಟೊಗಳಿಗಾಗಿ ಇದನ್ನು ಯಾರೂ ಕೊಳ್ಳಬಾರದೆಂದೇ ನನ್ನ ಅಭಿಪ್ರಾಯ.

ಎರಡನೆಯದು ಬಾಟಲಿಯಿಂದ ಇಂಕ್ ತುಂಬಿಸುವ, ಆರು ಬಣ್ಣಗಳ ಇಂಕ್ ಟ್ಯಾಂಕ್ ಪ್ರಿಂಟರ್. ಮಾಮೂಲಿ ನಾಲ್ಕು ಬಣ್ಣಗಳ (ಸಯಾನ್ ಎಂಬ ನೀಲಿ, ಮೆಜೆಂಟಾ, ಹಳದಿ, ಕಪ್ಪು) ಜೊತೆಗೆ ತಿಳಿ ಸಯಾನ್ ಮತ್ತು ತಿಳಿ ಮೆಜೆಂಟಾ ಇರುವುದರಿಂದ, ಹಳೆಯ ಯಂತ್ರದಲ್ಲಿ ಕೆನ್ನೆಯ ಮೇಲೆ ಮರಳು ಚೆಲ್ಲಿದಂತೆ ಕಾಣುತ್ತಿದ್ದ ಚುಕ್ಕೆಗಳು ಇದರಲ್ಲಿ ಮಾಯವಾದವು. 70 ಮಿಲಿ ಬಾಟಲಿಯ ಇಂಕ್ ಬಹಳ ಕಾಲ ಬರುತ್ತದೆ. ನನ್ನ ಲೆಕ್ಕದಲ್ಲಿ ಒಂದು ಫೋಟೊಗೆ ತಗಲುವ ಇಂಕಿಗಿಂತ ಗ್ಲಾಸಿ ಪೇಪರಿನ ಖರ್ಚೇ ಹೆಚ್ಚು. ಆದರೆ ಈ ಲೆಕ್ಕ ಸರಿಬರುವುದು ಯಂತ್ರವನ್ನು ಆಗಾಗ ಓಡಿಸುತ್ತಿದ್ದರೆ ಮಾತ್ರ. ಬೇಸಿಗೆಯಲ್ಲಿ ಎರಡು ತಿಂಗಳು ಸುಮ್ಮನೆ ಬಿಟ್ಟು ಬಂದು ಇಂಕ್ ಚಿಮ್ಮುವ ರಂಧ್ರಗಳು ಕಟ್ಟಿಕೊಂಡಿವೆಯೇ ಎಂದು ತೋರಿಸುವ ನಾಝಲ್ ಚೆಕ್ ಹಾಳೆ ತೆಗೆದಾಗ ತಿಳಿ ಮೆಜೆಂಟಾದ ಗೆರೆಗಳು ಅಲ್ಲಲ್ಲಿ ತುಂಡಾಗಿದ್ದವು, ಫೋಟೊದಲ್ಲಿ ಅಮ್ಮನ ಮುಖ ಹಸಿರು ತಿರುಗಿತ್ತು. ಇಂಕ್ ಹೀರಿ ಆ ರಂಧ್ರಗಳನ್ನು ಬಿಡಿಸುವ ಹೆಡ್ ಕ್ಲೀನಿಂಗನ್ನು ಮೂರು ಸಲ ಮಾಡಿಸಿದ ಮೇಲೆ ಸರಿಹೋಯಿತಾದರೂ, ಟ್ಯಾಂಕುಗಳಲ್ಲಿ ಇಂಕಿನ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿದಿತ್ತು. ಹೀಗೆ ಹೀರಿದ ಇಂಕೆಲ್ಲ ಯಂತ್ರದೊಳಗಿನ ತ್ಯಾಜ್ಯದ ಪ್ಯಾಡಿಗೆ ಹೋಗುತ್ತದೆ, ಕಾಗದಕ್ಕೆ ಒಂದು ಹನಿಯೂ ಬರುವುದಿಲ್ಲ. ಅಂದಿನಿಂದ ಪ್ರತಿ ಭಾನುವಾರ ಎಲ್ಲ ಬಣ್ಣಗಳಿರುವ ಒಂದು ಚಿತ್ರವನ್ನು ತಪ್ಪದೆ ಮುದ್ರಿಸುತ್ತೇನೆ.

ಮೂರನೆಯದು ತಂಗಿಯ ಮನೆಯಲ್ಲಿರುವ ಕ್ಯಾನನ್ ಸೆಲ್ಫಿ ಸಿಪಿ1500 ಎಂಬ ಪುಟ್ಟ ಫೋಟೊ ಪ್ರಿಂಟರ್. ಇದರಲ್ಲಿ ದ್ರವದ ಇಂಕೇ ಇಲ್ಲ. ರಿಬ್ಬನ್ನಿನ ಬಣ್ಣವನ್ನು ಶಾಖದಿಂದ ಕಾಗದಕ್ಕೆ ಇಳಿಸುತ್ತದೆ. ಹಾಳೆ ನಾಲ್ಕು ಸಲ ಒಳಗೆ ಹೊರಗೆ ಓಡಾಡುತ್ತದೆ: ಮೊದಲು ಬರೀ ಹಳದಿ, ಆಮೇಲೆ ಮೆಜೆಂಟಾ, ಸಯಾನ್, ಕೊನೆಗೆ ರಕ್ಷಣೆಯ ಪಾರದರ್ಶಕ ಪದರ. ಮಳೆಗಾಲದಲ್ಲಿ ಒದ್ದೆ ಬೆರಳು ತಾಗಿ ನನ್ನ ಅಗ್ಗದ ಗ್ಲಾಸಿ ಹಾಳೆಯ ಫೋಟೊ ಕದಡಿತ್ತು, ತಂಗಿಯದಕ್ಕೆ ಏನೂ ಆಗಲಿಲ್ಲ. ತಿಂಗಳುಗಟ್ಟಲೆ ಮುಟ್ಟದಿದ್ದರೂ ಒಣಗಿ ಕಟ್ಟಿಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ. ಕಾಗದ, ರಿಬ್ಬನ್ ಒಟ್ಟಿಗೇ ಬರುವುದರಿಂದ 108 ಹಾಳೆಗಳ ಪ್ಯಾಕಿನ ಬೆಲೆಯನ್ನು 108ರಿಂದ ಭಾಗಿಸಿದರೆ ಒಂದು ಫೋಟೊದ ಖರ್ಚು ಸಿಕ್ಕಿತು. ಚಿತ್ರ ತಿಳಿಯಾಗಿರಲಿ, ಗಾಢವಾಗಿರಲಿ, ಅದು ಬದಲಾಗದು. ಆ ಖರ್ಚು ಟ್ಯಾಂಕಿನದಕ್ಕಿಂತ ಹೆಚ್ಚು, ಅಳತೆಯೂ ಪೋಸ್ಟ್‌ಕಾರ್ಡಿನಷ್ಟೇ. ಬಳಸಿದ ರಿಬ್ಬನ್ನಿನ ಮೇಲೆ ಫೋಟೊದ ಅಚ್ಚು ಉಳಿಯುತ್ತದೆ, ಆದ್ದರಿಂದ ಅದನ್ನು ಕತ್ತರಿಸಿಯೇ ಎಸೆಯುವುದು ಒಳ್ಳೆಯದು.

ವಾರಕ್ಕೆ ನಾಲ್ಕೈದು ಫೋಟೊ ಮುದ್ರಿಸುವ ನನಗೆ ಟ್ಯಾಂಕೇ ಸರಿ. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಹತ್ತು ಚಿತ್ರ ತೆಗೆಯುವ ತಂಗಿಗೆ ನಾನು ರಿಬ್ಬನ್ನಿನದನ್ನೇ ಕೊಳ್ಳಲು ಹೇಳಿದ್ದೆ, ಇಂದು ಕೇಳಿದರೂ ಅದನ್ನೇ ಹೇಳುತ್ತೇನೆ.